ಅಪ್‌ಡೇಟ್: ಪದ್ಮಿನಿಯ ಆಯಿಲ್ ಸೋರಿಕೆ ಎಲ್ಲಿಂದ ಅಂತ ಗೊತ್ತಾಯಿತು

ಹೋದ ತಿಂಗಳು ಈ ಗುಂಪಿನಲ್ಲಿ ಕೇಳಿದ್ದೆ. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು, ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಹಿಂಬದಿಯ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟ್ ತುದಿಯಲ್ಲಿ ಆಯಿಲ್ ತಡೆಯುವ ಬಳೆ) ಹೋಗಿದೆ, ಎಂಜಿನ್ ಇಳಿಸಬೇಕು ಅಂದಿದ್ದರು ನಮ್ಮೂರಿನ ಮೆಕ್ಯಾನಿಕ್. ನೀವು ಮೊದಲು ತೊಳೆದು ನೋಡು ಅಂದಿರಿ. ಪುಣ್ಯಕ್ಕೆ ನಿಮ್ಮ ಮಾತು ಕೇಳಿದೆ.

ಸೀಮೆಎಣ್ಣೆ, ಹಳೇ ಬ್ರಷ್ ಹಿಡಿದು ಅರ್ಧ ದಿನ ಉಜ್ಜಿದೆ. ಒಣಗಿದ ಮೇಲೆ ಟಾಲ್ಕಮ್ ಪೌಡರ್ ಉದುರಿಸಿದೆ. ಮಡಿಕೇರಿಯಿಂದ ಸುಂಟಿಕೊಪ್ಪದವರೆಗೆ ಹೋಗಿ ಬಂದು ಬಾನೆಟ್ ಎತ್ತಿದರೆ, ಬಿಳಿ ಪೌಡರ್ ಮೇಲೆ ಕಪ್ಪು ಗೆರೆ. ಶುರುವಾಗಿದ್ದು ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್‌ನ ಹಿಂದಿನ ಮೂಲೆಯಿಂದ! ಅಲ್ಲಿಂದ ಬ್ಲಾಕ್ ಮೇಲೆ ಇಳಿದು ಬೆಲ್ ಹೌಸಿಂಗ್ (ಎಂಜಿನ್-ಗೇರ್‌ಬಾಕ್ಸ್ ನಡುವಿನ ಕವಚ) ಸೇರುತ್ತಿತ್ತು. ಫ್ಯಾನ್ ಗಾಳಿಗೆ ಆಯಿಲ್ ಹಿಂದಕ್ಕೇ ಹರಿಯುತ್ತದೆ ಅಲ್ವಾ, ಅದಕ್ಕೇ ಮೋಸ ಹೋಗಿದ್ದು.

ಕವರ್ ಬಿಚ್ಚಿದರೆ ಅದರಡಿಯ ಕಾರ್ಕ್ ಗ್ಯಾಸ್ಕೆಟ್ ಹಪ್ಪಳದ ಹಾಗೆ ಮುರಿಯಿತು. ಆದರೆ ಅಸಲಿ ಕಾರಣ ಎಂಜಿನ್ ಒಳಗಿನ ಗಾಳಿ, ಆವಿ ಹೊರಹೋಗುವ ಬ್ರೀದರ್ ಪೈಪ್. ಒಳಗೆ ಬೆಣ್ಣೆಯಂಥ ಹಳದಿ ಕೆಸರು ಕಟ್ಟಿಕೊಂಡಿತ್ತು. ಮಳೆಗಾಲವಿಡೀ ತೋಟದಿಂದ ಪೇಟೆಗೆ ಬರೀ 3 ಕಿ.ಮೀ. ಓಡಿಸಿದ್ದೆ. ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗಿನ ತೇವ ಆಯಿಲ್ ಜೊತೆ ಸೇರಿದೆ. ಪೈಪ್ ಕಟ್ಟಿದರೆ ಒಳಗಿನ ಒತ್ತಡ ಗ್ಯಾಸ್ಕೆಟ್ ಸಂದಿಯಿಂದಲೇ ದಾರಿ ಹುಡುಕುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಆಯಿಲ್‌ಗೆ ಸೇರಿದರೂ ಇಂಥ ಕೆಸರು ಬರುತ್ತದೆ. ಆದರೆ ನೀರು ಕಮ್ಮಿಯಾಗಿಲ್ಲ, ಹಾಗಾಗಿ ಸದ್ಯಕ್ಕೆ ಆ ಭಯವಿಲ್ಲ.

ಹೊಸ ಕಾರ್ಕ್ ಹಾಕಿ ನಟ್ ಹದವಾಗಿ ಬಿಗಿದೆ. ಜಾಸ್ತಿ ಬಿಗಿದರೆ ಕವರ್ರೇ ಬಾಗುತ್ತದೆ. ಈಗ ಕುಶಾಲನಗರಕ್ಕೆ ಎರಡು ಸಲ ಹೋಗಿ ಬಂದೆ, ಶೆಡ್‌ನಲ್ಲಿ ಹಾಸಿದ ರಟ್ಟು ಒಣಗಿಯೇ ಇದೆ. ಸಂಪ್ ಪ್ಲಗ್ (ಎಂಜಿನ್ ತಳದಲ್ಲಿ ಹಳೇ ಆಯಿಲ್ ಇಳಿಸುವ ಬೋಲ್ಟ್) ಹತ್ತಿರ ಮಾತ್ರ ಒಂದು ಹನಿ ನೇತಾಡುತ್ತಿದೆ. ಮುಂದಿನ ಆಯಿಲ್ ಚೇಂಜ್‌ಗೆ ಅದರ ತಾಮ್ರದ ವಾಷರ್ ಬದಲಿಸುತ್ತೇನೆ.