ಮಲೇರಿಯಾ ವಾಸಿಯಾದ ಮೇಲೆ ತಮ್ಮನಿಗೆ ಕೈ ನಡುಕ, ತೂರಾಟ. ಯಾರಿಗಾದ್ರೂ ಹೀಗಾಗಿತ್ತಾ?

ತೋಟದಮನೆ (ತೀರ್ಥಹಳ್ಳಿ ಕಡೆ):
ನನ್ನ ತಮ್ಮ ಮಂಗಳೂರಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್. ಅಲ್ಲೇ ಮಲೇರಿಯಾ ಹಿಡಿಯಿತು, ರಿಪೋರ್ಟಲ್ಲಿ ಪಿ.ಎಫ್. ಅಂತ ಇತ್ತು, ಫಾಲ್ಸಿಪಾರಂ ಅನ್ನೋ ಜೋರಿನ ಮಲೇರಿಯಾ ಅಂತೆ. ಎರಡು ದಿನ ಎಚ್ಚರವೇ ಇರಲಿಲ್ಲ, ಐಸಿಯುನಲ್ಲಿದ್ದ. ಆಮೇಲೆ ಹುಷಾರಾದ, ರಕ್ತ ಕ್ಲೀನ್ ಅಂದರು, ಊರಿಗೆ ಕರ್ಕೊಂಡು ಬಂದೆವು. ಹದಿನೈದು ದಿನ ಚೆನ್ನಾಗೇ ಇದ್ದ. ಸೋಮವಾರದಿಂದ ಕಾಫಿ ಲೋಟ ಎತ್ತಿದರೆ ಬಾಯಿಗೆ ಹೋಗೋ ಹೊತ್ತಿಗೆ ಅರ್ಧ ಅಂಗಿ ಮೇಲೆ. ನಮ್ಮ ಹಳ್ಳಕ್ಕೆ ಎರಡು ಅಡಿಕೆ ಮರ ಹಾಕಿದ ಸಂಕ ಇದೆ, ಚಿಕ್ಕಂದಿನಿಂದ ಓಡಿಕೊಂಡೇ ದಾಟುತ್ತಿದ್ದವನು ನಿನ್ನೆ ಅದರ ಮೇಲೆ ಕೂತು ತೆವಳಿಕೊಂಡು ಬಂದ. ರಾತ್ರಿ ತೀರಿಹೋದ ಅಜ್ಜನ ಹತ್ತಿರ ಮಾತಾಡುತ್ತಾನೆ. ಜ್ವರ ಇಲ್ಲ. ಪೇಟೆ ಡಾಕ್ಟರು ವೀಕ್‌ನೆಸ್ ಅಂತ ಟಾನಿಕ್ ಬರೆದರು. ಪಕ್ಕದ ಮನೆಯವರು ಕುಡಿದಿದ್ದಾನೆ ಅಂತಾರೆ, ಅಮ್ಮ ತಾಯತ ಕಟ್ಟಿಸೋಣ ಅಂತಾರೆ. ಮತ್ತೆ ಮಲೇರಿಯಾ ಬಂತಾ?

ಹಳೇ ನರ್ಸಮ್ಮ:
ಟಾನಿಕ್ ಪಕ್ಕಕ್ಕಿಡಿ, ಇವತ್ತೇ ಶಿವಮೊಗ್ಗಕ್ಕೆ ಹೊರಡಿ. ಮೆಗ್ಗಾನ್ ಆಸ್ಪತ್ರೆ ಆದರೂ ಸರಿ, ನರದ ಡಾಕ್ಟರು ಇರೋ ಬೇರೆ ಕಡೆ ಆದರೂ ಸರಿ. ಜೋರಾಗಿ ಪಿ.ಎಫ್. ಬಂದು ಹೋದವರಲ್ಲಿ ಅಪರೂಪಕ್ಕೆ ಹೀಗಾಗುತ್ತದೆ, ಪೋಸ್ಟ್ ಮಲೇರಿಯಾ ನ್ಯೂರಾಲಜಿಕಲ್ ಸಿಂಡ್ರೋಮ್ ಅಂತಾರೆ. 1996ರಲ್ಲಿ ವಿಯೆಟ್ನಾಂನ ರೋಗಿಗಳನ್ನು ನೋಡಿ ಬರೆದದ್ದು. ರಕ್ತದಿಂದ ಪರಾವಲಂಬಿ ಪೂರ್ತಿ ಹೋದ 2 ತಿಂಗಳೊಳಗೆ ನಡುಕ, ಗೊಂದಲ, ಏನೇನೋ ಕಾಣೋದು, ಕೆಲವರಿಗೆ ಫಿಟ್ಸ್. ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ಬೀಳುತ್ತದೇನೋ ಅನ್ನೋದು ಡಾಕ್ಟರುಗಳ ಅನುಮಾನ. ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ, ಜೋರಾಗಿದ್ದರೆ ಸ್ಟೀರಾಯ್ಡ್ ಕೊಡುತ್ತಾರೆ. ಆದರೆ ಅದೇ ಅಂತ ನೀವೇ ತೀರ್ಮಾನಿಸಬೇಡಿ. ಮೊದಲು ಮತ್ತೆ ಸ್ಲೈಡ್ (ಮಲೇರಿಯಾಕ್ಕೆ ರಕ್ತ ನೋಡೋದು), ಶುಗರ್, ಸೋಡಿಯಂ, ತಲೆಯ ಸ್ಕ್ಯಾನ್, ಬೇಕಾದರೆ ಬೆನ್ನಿನ ನೀರು ತೆಗೆದು ನೋಡುತ್ತಾರೆ, ಹೆದರಬೇಡಿ. ಡಿಸ್ಚಾರ್ಜ್ ಚೀಟಿ ಮರೀಬೇಡಿ, ಯಾವ ಮಾತ್ರೆ ಕೊಟ್ಟಿದ್ದರು ಅಂತ ಕೇಳೇ ಕೇಳುತ್ತಾರೆ, ಮೆಫ್ಲೋಕ್ವಿನ್ ಅನ್ನೋ ಮಲೇರಿಯಾ ಮಾತ್ರೆ ತಗೊಂಡವರಲ್ಲಿ ಇದು ಜಾಸ್ತಿ ಕಂಡಿತ್ತು. ಅಲ್ಲಿವರೆಗೆ ಬೈಕು, ಬಾವಿಕಟ್ಟೆ, ಒಲೆ ಹತ್ತಿರ ಒಬ್ಬನೇ ಬೇಡ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಕೈಗೆ ಕಬ್ಬಿಣ ಕೊಡೋದು, ಬಾಯಿಗೆ ಚಮಚ ಹಾಕೋದು ಎಲ್ಲ ಬೇಡ.

ಸೊರಬದವ:
ಊರಿಗೆ ಬಂದ ಮೇಲೆ ಕಾಡಿಗೆ, ದರಗು (ಒಣ ಎಲೆ) ತರೋಕೆ ಹೋಗಿದ್ದನಾ? ಉಣುಗು ಕಚ್ಚಿತ್ತಾ? ಕೇಳೋದು ಯಾಕೆಂದರೆ 1957ರಲ್ಲಿ ಉಣುಗಿನಿಂದ (ಉಣ್ಣೆ ಹುಳ) ಹರಡೋ ಮಂಗನ ಕಾಯಿಲೆ ಗೊತ್ತಾಗಿದ್ದೇ ನಮ್ಮ ಕ್ಯಾಸನೂರು ಕಾಡಲ್ಲಿ. ಅದರಲ್ಲೂ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ, ತಲೆನೋವು, ನಡುಕ ಬರುತ್ತದೆ. ಡಾಕ್ಟರಿಗೆ ಇದನ್ನೂ ಹೇಳಿಬಿಡಿ.

ಮಳೆಗಾಲದ ಬಸ್ಸು:
ನಮ್ಮ ಚಿಕ್ಕಪ್ಪನಿಗೆ ಪಿ.ಎಫ್. ಆದ ಮೇಲೆ ಬರೀ ತೂರಾಟ ಬಂದಿತ್ತು, ತಲೆ ನೆಟ್ಟಗಿತ್ತು. ನಡಿಗೆಯ ಹಿಡಿತ ನೋಡಿಕೊಳ್ಳೋ ಕಿರುಮೆದುಳಿನ ತೊಂದರೆ ಅಂದರು. ಎರಡೂವರೆ ತಿಂಗಳು ಗೋಡೆ ಹಿಡಿದು ಓಡಾಡಿದರು. ಊರವರ ಮಾತೇ ಕಾಯಿಲೆಗಿಂತ ಜಾಸ್ತಿ ಕಷ್ಟ ಕೊಟ್ಟಿದ್ದು, ಹುಟ್ಟಾ ಕುಡಿಯದ ಮನುಷ್ಯ.

ತೋಟದಮನೆ:
ನರ್ಸಮ್ಮ, ನಿನ್ನೆ ರಾತ್ರಿಯೇ ಅಡ್ಮಿಟ್ ಮಾಡಿದೆವು. ಸ್ಲೈಡಲ್ಲಿ ಏನಿಲ್ಲ, ಶುಗರ್ ಸರಿ ಇದೆ. ಕಾಡಿಗೆ ಹೋಗಿಲ್ಲ, ಆದರೂ ಮಂಗನ ಕಾಯಿಲೆಗೂ ರಕ್ತ ತಗೊಂಡಿದ್ದಾರೆ. ಡಾಕ್ಟರು ಬೆರಳಿಂದ ಮೂಗು ಮುಟ್ಟು ಅಂದರು, ಎರಡು ಸಲ ಕೆನ್ನೆ ಮುಟ್ಟಿ ಮೂರನೇ ಸಲ ನಕ್ಕುಬಿಟ್ಟ. ನೀವು ಹೇಳಿದ ಹೆಸರನ್ನೇ ಅವರೂ ಹೇಳಿದರು, ನಾಳೆ ಸ್ಕ್ಯಾನ್ ಇದೆ. ತಾಯತ ಅಮ್ಮ ಕಟ್ಟಿಯೇ ಕಳಿಸಿದ್ದರು, ಸ್ಕ್ಯಾನಿಗೆ ಮುಂಚೆ ಬಿಚ್ಚಬೇಕಂತೆ, ಅದನ್ನು ಅವರಿಗೆ ಹೇಳೋದು ಹೇಗೆ ಅಂತ ಯೋಚನೆ.