ಊಟ, ನಡಿಗೆ, ರಕ್ತನಾಳ: ಹೃದಯದ ಡಾಕ್ಟರನ್ನು ಕೇಳಿ

ತುಮಕೂರಿನಿಂದ: ಸರ್, ಊಟ ಆದ ತಕ್ಷಣ ವಾಕಿಂಗ್ ಮಾಡಬಹುದಾ?

ಡಾಕ್ಟರ್: ಮೆಲ್ಲಗೆ ಹತ್ತು ನಿಮಿಷ ಸರಿ. ಬಿರುಸಿನ ನಡಿಗೆಗೆ ಎರಡು ಗಂಟೆ ಬಿಡಿ.

ಶಿರಸಿಯಿಂದ: ಒಂದು ದಿನ ಕರಿದದ್ದು ಜಾಸ್ತಿ ತಿಂದರೆ ರಕ್ತನಾಳಕ್ಕೆ ಏನಾಗುತ್ತದೆ?

ಡಾಕ್ಟರ್: ಒಂದೇ ಊಟಕ್ಕೆ ನಾಳ ಕಟ್ಟುವುದಿಲ್ಲ. ಆದರೆ ಕೆಲವು ಗಂಟೆ ಅದು ಸರಿಯಾಗಿ ಹಿಗ್ಗುವುದಿಲ್ಲ. 1997ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 10 ಜನ ಆರೋಗ್ಯವಂತರಿಗೆ 50 ಗ್ರಾಂ ಕೊಬ್ಬಿರುವ ತಿಂಡಿ ಕೊಟ್ಟು, ತೋಳಿನ ನಾಳವನ್ನು ಸ್ಕ್ಯಾನಿನಲ್ಲಿ ಅಳೆದರು. ಹಿಗ್ಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿತ್ತು. ನಾಲ್ಕು ಗಂಟೆಯಾದರೂ ಹಾಗೇ ಇತ್ತು.

ಹಾಸನದಿಂದ: ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ ಕುದಿಸಿ ಜೇನು ಹಾಕಿ ಕುಡಿದರೆ ಬ್ಲಾಕ್ ಕರಗುತ್ತದಂತೆ. ನಿಜವಾ?

ಡಾಕ್ಟರ್: ಕರಗುವುದಿಲ್ಲ.

ಮಂಡ್ಯದಿಂದ: ನಮ್ಮಪ್ಪನಿಗೆ 56. ಶುಗರ್ ಇದೆ. ಎರಡು ವಾರದಿಂದ ಬಾಡೂಟ ಆದ ಮೇಲೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ. ಐದು ನಿಮಿಷ ಕೂತರೆ ಹೋಗುತ್ತದೆ. ಗ್ಯಾಸ್ ಅಂತ ಸೋಡಾ ಕುಡಿಯುತ್ತಾರೆ. ಇಸಿಜಿ ನಾರ್ಮಲ್ ಬಂದಿದೆ.

ಡಾಕ್ಟರ್: ಇದನ್ನು ಗ್ಯಾಸ್ ಅಂತ ಬಿಡಬೇಡಿ. ನಡೆದರೆ ಬರುವುದು, ಕೂತರೆ ಹೋಗುವುದು ಹೃದಯದ ನೋವಿನ ಲಕ್ಷಣ. ಭಾರಿ ಊಟವಾದಾಗ ಹೊಟ್ಟೆಗೆ ರಕ್ತ ಜಾಸ್ತಿ ಬೇಕು, ಹೃದಯಕ್ಕೆ ದುಡಿಮೆ ಹೆಚ್ಚು. ನಾಳದ ಒಳಪದರ ಬಿಡುವ ನೈಟ್ರಿಕ್ ಆಕ್ಸೈಡ್‌ನಿಂದ ನಾಳ ಹಿಗ್ಗಬೇಕು. ಜಿಡ್ಡಿನೂಟವಾದ ಮೇಲೆ ಅದೇ ಕಡಿಮೆ. ನಾಳ ಮೊದಲೇ ಕಿರಿದಾಗಿದ್ದರೆ, ಮೆಟ್ಟಿಲು ಹತ್ತುವಾಗ ರಕ್ತ ಸಾಲುವುದಿಲ್ಲ. ಕೂತಾಗ ತೆಗೆದ ಇಸಿಜಿಯಲ್ಲಿ ಇದು ಕಾಣದೇ ಇರಬಹುದು. ಶುಗರ್ ಇರುವವರಿಗೆ ನೋವೂ ಮಂಕಾಗಿ ಬರುತ್ತದೆ. ಅದಕ್ಕೇ ನನಗೆ ಭಯ. ನೋವು ಹೊಸದು. ನೀವಾಗಿ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ) ಮಾಡಿಸಬೇಡಿ. ನಾಳೆಯೇ ಹೃದಯದ ಡಾಕ್ಟರಿಗೆ ತೋರಿಸಿ. ಕೂತಾಗಲೂ ನೋವು ಬಂದರೆ, ಹತ್ತು ನಿಮಿಷದಲ್ಲಿ ಹೋಗದಿದ್ದರೆ, ಬೆವರಿದರೆ ಕೂಡಲೇ 108.

ಹಾಸನದಿಂದ: ಫಾರ್ವರ್ಡ್: ಎದೆನೋವು ಬಂದಾಗ ಜೋರಾಗಿ ಕೆಮ್ಮುತ್ತಿದ್ದರೆ ಪ್ರಾಣ ಉಳಿಯುತ್ತದೆ.

ಡಾಕ್ಟರ್: ದಯವಿಟ್ಟು ಅಳಿಸಿ. ಕೆಮ್ಮುತ್ತಾ ಕೂತವರು ಆಸ್ಪತ್ರೆಗೆ ತಡವಾಗಿ ಬರುತ್ತಾರೆ.

ಹಾಸನದಿಂದ: ಒಳ್ಳೇದಕ್ಕೇ ಹಾಕಿದ್ದು ಸರ್. ನಮ್ಮ ತಾತ ದಿನಾ ತುಪ್ಪ ತಿಂದು 90 ವರ್ಷ ಬದುಕಿದರು.

ಶಿರಸಿಯಿಂದ: ನಿಮ್ಮ ತಾತ ನೇಗಿಲು ಹಿಡಿಯುತ್ತಿದ್ದರು. ನೀವು ಹಾಲು ತರೋಕೂ ಸ್ಕೂಟರ್ ಹತ್ತುತ್ತೀರಿ.

ಹಾಸನದಿಂದ: ನಿಮ್ಮನ್ನು ಕೇಳಿದ್ದಾ? ರಿಫೈಂಡ್ ಎಣ್ಣೆ ಬಂದ ಮೇಲೇ ಎಲ್ಲಾ ಕಾಯಿಲೆ.

ಮಂಗಳೂರಿನಿಂದ: ನಾವು ತೆಂಗಿನೆಣ್ಣೆ ಬಿಡುವುದಿಲ್ಲ, ಯಾರು ಏನೇ ಹೇಳಲಿ.

ಶಿರಸಿಯಿಂದ: ಬಿಡಿ ಅಂತ ಯಾರು ಹೇಳಿದರು ಮಾರಾಯ್ರೆ!

ರಾಯಚೂರಿನಿಂದ: ನನ್ನ ಕಾಲಿನ ನರ ಗಂಟು ಕಟ್ಟಿವೆ. ನಡೆಯಬಹುದಾ ಸರ್?

ದಾವಣಗೆರೆಯಿಂದ: ಊಟ ಆದ ಮೇಲೆ ವಾಕಿಂಗ್ ಮಾಡಬಹುದಾ?

ಡಾಕ್ಟರ್: ಮೊದಲ ಉತ್ತರ ಓದಿ. ತುಪ್ಪದ ಜಗಳ ನಿಲ್ಲಿಸಿ. ಬಿರುಸಾಗಿ ನಡೆದವರಿಗೆ ಮಾರನೇ ದಿನದ ಊಟದ ನಂತರ ರಕ್ತದಲ್ಲಿ ಕೊಬ್ಬು ಕಡಿಮೆ ಏರುತ್ತದೆ. ಎರಡು ಮೂರು ದಿನ ಬಿಟ್ಟರೆ ಆ ಲಾಭ ಹೋಯಿತು. ಭಾನುವಾರ ಮಾತ್ರ ನಡೆದರೆ ಸಾಲದು.

ಹಾಸನದಿಂದ: ಹಾಗಾದರೆ ತುಪ್ಪ ತಿನ್ನಬಹುದು ತಾನೇ?

ಮಂಡ್ಯದಿಂದ: ಸರ್, ಅಪ್ಪ ಒಪ್ಪಿದರು. ಬೆಳಿಗ್ಗೆ ಮೈಸೂರಿಗೆ ಹೊರಡುತ್ತೇವೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಡಾಕ್ಟರ್: ಬೇಡ, ಶುಗರ್ ಇಳಿದೀತು. ಎರಡು ಇಡ್ಲಿ ಕೊಡಿ. ಹಳೇ ಇಸಿಜಿ, ಮಾತ್ರೆ ಚೀಟಿ ಒಯ್ಯಿರಿ. ಅಲ್ಲಿ ಲಿಫ್ಟ್ ಹತ್ತಿಸಿ, ಮೆಟ್ಟಿಲು ಬೇಡ.