ದೋಣಿ ಮೋಟಾರಿಗೆ ಸ್ವಂತ ಥ್ರಾಟಲ್: ಬಿಸಿಯಾಗುವುದು ಎಂತಕ್ಕೆ?

ಪ್ರಶ್ನೆ (ಕುಂಬಳೆ): ಅಣ್ಣ, ರಿಮೋಟ್ ದೋಣಿಗೆ 540 ಬ್ರಶ್ ಮೋಟಾರ್, 2 ಸೆಲ್ ಲೈಪೊ ಬ್ಯಾಟರಿ, ಆರ್ಡುಯಿನೋ ನ್ಯಾನೋ (ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡ್). ಥ್ರಾಟಲಿಗೆ, ಅಂದರೆ ವೇಗ ಹೆಚ್ಚುಕಮ್ಮಿ ಮಾಡಲಿಕ್ಕೆ, ಒಂದು ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್). ಮೋಟಾರ್ 10 ಆಂಪಿಯರ್ ಎಳೆಯುತ್ತದೆ, ಮಾಸ್ಫೆಟ್ ಕೈ ಇಡಲಿಕ್ಕಾಗದಷ್ಟು ಬಿಸಿ. ಸ್ಟಿಕ್ ಪೂರ್ತಿ ಕೆಳಗಿದ್ದರೂ ಕೆಲವೊಮ್ಮೆ ಮೋಟಾರ್ ಫುಲ್ ಸ್ಪೀಡಲ್ಲಿ ತಿರುಗುತ್ತದೆ. ಮಾಸ್ಫೆಟ್ ಹಾಳಾಗಿದೆಯಾ?

ಉತ್ತರ: ಹಾಳಾಗಿರಲಿಕ್ಕಿಲ್ಲ, ಈ ಕೆಲಸಕ್ಕೆ ಅದು ಆಗುವುದಿಲ್ಲ ಅಷ್ಟೆ. ಪೂರ್ತಿ ಆನ್ ಆಗಲು ಅದರ ಗೇಟಿಗೆ (ಆನ್-ಆಫ್ ಮಾಡಿಸುವ ಕಾಲು) 10 ವೋಲ್ಟ್ ಬೇಕು, ನ್ಯಾನೋ ಕೊಡುವುದು 5. ಅರ್ಧಂಬರ್ಧ ಆನ್ ಆದದ್ದು ಬಿಸಿಯಾಗದೆ ಇರ್ತದಾ? ಐಆರ್‌ಎಲ್‌ಝಡ್44ಎನ್ ತನ್ನಿ, 5 ವೋಲ್ಟಿನಲ್ಲಿ ಅದರ ರೆಸಿಸ್ಟೆನ್ಸ್ ಹೆಚ್ಚೆಂದರೆ 0.025 ಓಮ್. ಆದರೂ 10 ಆಂಪಿಯರಿಗೆ 2.5 ವಾಟ್ ಆಯಿತು. ಹೀಟ್‌ಸಿಂಕ್ ಇಲ್ಲದಿದ್ದರೆ ವಾಟಿಗೆ ಸುಮಾರು 62 ಡಿಗ್ರಿ ಏರುವ ಕಾರಣ ಅದೂ ಸುಡ್ತದೆ. ಎರಡನ್ನು ಪ್ಯಾರಲಲ್ ಹಾಕಿ: ಒಂದೊಂದಕ್ಕೆ 0.6 ವಾಟ್, ಏರುವುದು 40 ಡಿಗ್ರಿ ಆಸುಪಾಸು.

ಪ್ರತಿ ಗೇಟಿಗೆ ಬೇರೆ ಬೇರೆ 100 ಓಮ್ ರೆಸಿಸ್ಟರ್. ಗೇಟಿನಿಂದ ಸೋರ್ಸಿಗೆ (ಬ್ಯಾಟರಿ ಮೈನಸ್ಸಿಗೆ ಹೋಗುವ ಕಾಲು) 10ಕೆ ರೆಸಿಸ್ಟರ್ ಬೇಕೇ ಬೇಕು. ಇಲ್ಲದಿದ್ದರೆ ನ್ಯಾನೋ ಎಚ್ಚರವಾಗುವಷ್ಟರಲ್ಲಿ ಗೇಟ್ ಅತಂತ್ರವಾಗಿ ಮೋಟಾರ್ ಜರ್ಕ್ ಹೊಡೀತದೆ. ಮೋಟಾರಿಗೆ ಅಡ್ಡ ಎಂಬಿಆರ್2045ಸಿಟಿ ಡಯೋಡ್: ನಡುವಿನ ಕಾಲು ಬ್ಯಾಟರಿ ಪ್ಲಸ್ಸಿಗೆ, ಅಂಚಿನ ಎರಡೂ ಸೇರಿಸಿ ಡ್ರೈನಿಗೆ (ಮಾಸ್ಫೆಟ್ಟಿನಲ್ಲಿ ಮೋಟಾರ್ ಸೇರುವ ಕಾಲು). 1ಎನ್4007 ಹಾಕಬೇಡಿ, ಅದು 1 ಆಂಪಿಯರಿನದ್ದು, ನಿಧಾನವೂ ಹೌದು. ಪ್ರೊಪೆಲ್ಲರಿಗೆ ಬಳ್ಳಿ ಸುತ್ತಿದರೆ ಕರೆಂಟ್ ಹಲವು ಪಟ್ಟು ಏರ್ತದೆ, 20 ಆಂಪಿಯರಿನ ಕಾರ್ ಫ್ಯೂಸ್ ಇರಲಿ.

ಸ್ಟಿಕ್ ಕೆಳಗಿದ್ದರೂ ಮೋಟಾರ್ ತಿರುಗುವುದು ಪ್ರೋಗ್ರಾಮಿನ ತೊಂದರೆ ಅಂತ ಕಾಣ್ತದೆ. ಥ್ರಾಟಲ್ ಲೆಕ್ಕ ಮಾಡುವ ಸಾಲು ಕಳಿಸಿ.

ಪ್ರಶ್ನೆ (ಕುಂಬಳೆ): ಮ್ಯಾಪ್(ಪಲ್ಸ್, 1000, 2000, 0, 255). ಅದನ್ನೇ ನೇರ ಅನಲಾಗ್‌ರೈಟಿಗೆ, 5ನೇ ಪಿನ್ನು.

ಉತ್ತರ: ಸಿಕ್ಕಿತು. ಮ್ಯಾಪ್ ಎಂದರೆ ರಿಸೀವರಿನ 1000ದಿಂದ 2000 ಮೈಕ್ರೋಸೆಕೆಂಡಿನ ಪಲ್ಸನ್ನು 0ಯಿಂದ 255ಕ್ಕೆ ಹೊಂದಿಸುವುದು, ಅನಲಾಗ್‌ರೈಟ್ ಅದನ್ನು ಮೋಟಾರಿನ ವೇಗವಾಗಿ ಪಿನ್ನಿಗೆ ಕೊಡ್ತದೆ. ಆದರೆ ಮ್ಯಾಪ್ ತನ್ನ ಗಡಿ ತಾನೇ ಕಾಯುವುದಿಲ್ಲ. ಟ್ರಿಮ್ (ರಿಮೋಟಿನಲ್ಲಿ ಸ್ಟಿಕ್ಕಿನ ನೆಲೆ ಹೊಂದಿಸುವ ಗುಂಡಿ) ಸ್ವಲ್ಪ ಇಳಿದು ಪಲ್ಸ್ 990 ಮೈಕ್ರೋಸೆಕೆಂಡ್ ಆದರೆ ಉತ್ತರ ಮೈನಸ್ 2. ಎಂಟು ಬಿಟ್ಟಿನ ರಿಜಿಸ್ಟರಿನಲ್ಲಿ ಮೈನಸ್ 2 ಎಂದರೆ 254, ಹೆಚ್ಚುಕಡಿಮೆ ಫುಲ್ ಥ್ರಾಟಲ್! 900ಕ್ಕಿಂತ ಕಮ್ಮಿ, 2100ಕ್ಕಿಂತ ಹೆಚ್ಚು ಬಂದ ಪಲ್ಸ್ ಎಸೆಯಿರಿ, 1050ರ ಕೆಳಗೆ ನೇರ ಸೊನ್ನೆ ಕೊಡಿ, ಉಳಿದದ್ದನ್ನು ಕನ್‌ಸ್ಟ್ರೇನ್ ಮಾಡಿ, ಅಂದರೆ 0ಯಿಂದ 255ರ ಒಳಗೇ ಹಿಡಿದಿಡಿ.

ಏರಿಕೆಯನ್ನೂ ನಿಧಾನ ಮಾಡಿ. 20 ಮಿಲಿಸೆಕೆಂಡಿಗೊಂದು ಪಲ್ಸ್ ಬರ್ತದೆ, ಪ್ರತಿ ಪಲ್ಸಿಗೆ 5 ಏರಿಸಿದರೆ ಫುಲ್ ಆಗಲು ಒಂದು ಸೆಕೆಂಡ್. ಇಳಿಯುವುದು ಮಾತ್ರ ತಕ್ಷಣ. ಎಕ್ಸ್‌ಪೋ (ಸ್ಟಿಕ್ಕಿನ ಶುರುವಿನಲ್ಲಿ ವೇಗ ಮೆತ್ತಗೆ ಏರಿಸುವ ಲೆಕ್ಕ) ಹಾಕುವವರು ಉಂಟು, ದೋಣಿಗೆ ನಾನು ಹೇಳುವುದಿಲ್ಲ. ಪ್ರೊಪೆಲ್ಲರಿನ ನೂಕುಬಲ ಹೇಗೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದು.

ಪ್ರಶ್ನೆ (ಬದಿಯಡ್ಕ): ಮದಕದಲ್ಲಿ (ಕೆರೆಯಲ್ಲಿ) ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲಿಸುವುದು ಹೇಗೆ? ನಾನು ಪಲ್ಸ್‌ಇನ್ ಬಳಸಿದ್ದೇನೆ.

ಉತ್ತರ: ಪಲ್ಸ್‌ಇನ್ ಎಂದರೆ ಪಲ್ಸಿನ ಉದ್ದ ಅಳೆಯುವ ಆಜ್ಞೆ. ಅದಕ್ಕೆ ಮೂರನೇ ಅಂಕಿ (ಎಷ್ಟು ಹೊತ್ತು ಕಾಯಬೇಕು ಎಂಬುದು) ಕೊಡದಿದ್ದರೆ ಪಲ್ಸ್ ಬಾರದಾಗ ಅದು 1 ಸೆಕೆಂಡ್ ಕಾಯ್ತಾ ಕೂರ್ತದೆ, ಅಷ್ಟು ಹೊತ್ತು ಮೋಟಾರ್ ಹಿಂದಿನ ವೇಗದಲ್ಲೇ. 25000 ಮೈಕ್ರೋಸೆಕೆಂಡ್ ಕೊಡಿ, ಪಲ್ಸ್ ಸಿಗದೆ ಸತತ 10 ಸಲ ಸೊನ್ನೆ ಬಂದರೆ ಮೋಟಾರ್ ನಿಲ್ಲಿಸಿ. ಇದೊಂದನ್ನೇ ನಂಬಬೇಡಿ ಮಾರಾಯ್ರೆ. ಕೆಲವು ರಿಸೀವರ್ ಸಿಗ್ನಲ್ ಹೋದರೂ ಕೊನೆಯ ಪಲ್ಸನ್ನೇ ಕಳಿಸ್ತಾ ಇರ್ತದೆ, ನ್ಯಾನೋಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ರಿಸೀವರಿನ ಫೇಲ್‌ಸೇಫನ್ನು (ಸಿಗ್ನಲ್ ಹೋದಾಗ ಏನು ಕಳಿಸಬೇಕು ಎಂಬ ಸೆಟ್ಟಿಂಗ್) ಥ್ರಾಟಲ್ ಸೊನ್ನೆಗೆ ಸೆಟ್ ಮಾಡಿ. ದೋಣಿಯನ್ನು ಸ್ಟ್ಯಾಂಡಿನ ಮೇಲಿಟ್ಟು, ಕಾಲು ಥ್ರಾಟಲ್ ಕೊಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ.

ಪ್ರಶ್ನೆ (ಉಪ್ಪಳ): ಬ್ರಶ್‌ಲೆಸ್ ಮೋಟಾರಿಗೂ ಇದೇ ಸರ್ಕಿಟ್ ಆಗ್ತದಾ?

ಉತ್ತರ: ಇಲ್ಲ. ಅದಕ್ಕೆ ಮೂರು ಫೇಸ್, ಆರು ಮಾಸ್ಫೆಟ್ ಬೇಕು. ರೆಡಿ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡ್) ತೆಗೆದುಕೊಳ್ಳಿ. ಏರಿಕೆ ನಿಧಾನ ಮಾಡುವ ಲೆಕ್ಕ ಮಾತ್ರ ನ್ಯಾನೋದಲ್ಲಿಟ್ಟು, ಅದರಿಂದ ಇಎಸ್‌ಸಿಗೆ ಸರ್ವೋ ಪಲ್ಸ್ (ರಿಸೀವರ್ ಕಳಿಸುವಂಥದ್ದೇ) ಕೊಟ್ಟರಾಯಿತು.